ಹೊಡುಕೆ ಯಾರೂ ಇಲ್ಯಾ?

ಗಾನ್ ಹೋಮ್ ಅನ್ನುವ ಕಂಪ್ಯೂಟರ್ ಆಟ ಆಡುವಾಗ ನಾನು ಮಾಡಿದ ಮೊದಲ ತಪ್ಪು, ರೂಮಿನಿಂದ ಹೊರಗೆ ಬರುವಾಗೆಲ್ಲ ಲೈಟ್ ಆರಿಸಿದ್ದು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒಂದು ರೂಮು, ಒಂದು ಕಿಚನ್ ಇರುವ ಮನೆಯಲ್ಲಿ ಬೆಳೆದವನು ನಾನು. ಕರೆಂಟ್ ಬಿಲ್ ಬಂದ ದಿನ ಅಪ್ಪನ ಮುಖ ನೋಡಲು ಎಲ್ಲರಿಗೂ ಹೆದರಿಕೆ. ಆ ಅಭ್ಯಾಸಕ್ಕೆ ಆಟದೊಳಗಿನ ಅಮೆರಿಕದ ಬಂಗಲೆಯಲ್ಲೂ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಯಿತು. ಬೀಗದ ನಂಬರ್ ಹುಡುಕಿಕೊಂಡು ವಾಪಸ್ ಬಂದರೆ ಮನೆಯೆಲ್ಲ ಕತ್ತಲೆ, ಹೊರಗೆ ಗುಡುಗು. ಈಗ ದೆವ್ವ ಬರುತ್ತೆ ಅಂತ ಗೋಡೆ ಹಿಡಿದುಕೊಂಡೇ ನಡೆದೆ. ದೆವ್ವ ಬರಲಿಲ್ಲ. ಸಿಕ್ಕಿದ್ದು ಒಂದು ಚೀಟಿ. ಲೈಟೆಲ್ಲ ಹಾಕಿಟ್ಟು ಹೋಗಬೇಡ ಅಂತ ಅಪ್ಪ ಮಗಳಿಗೆ ಬೈದು ಬರೆದದ್ದು. ಒಬ್ಬನೇ ಕೂತು ನಕ್ಕೆ.

2013ರಲ್ಲಿ ಬಂದ ಆಟ ಅದು. ಕಥೆ 1995ರ ಜೂನ್ ತಿಂಗಳ ಒಂದು ಮಳೆರಾತ್ರಿಯದು. ಯುರೋಪ್ ಸುತ್ತಿ ಬಂದ ಹುಡುಗಿಗೆ ಮನೆಯಲ್ಲಿ ಯಾರೂ ಕಾಣುವುದಿಲ್ಲ. ಡ್ರಾಯರ್ ಎಳೆದು, ಕಾಗದ ಓದಿ, ಕ್ಯಾಸೆಟ್ ಹಾಕಿ ಕೇಳಿ, ಅವರೆಲ್ಲ ಎಲ್ಲಿ ಹೋದರು ಅಂತ ನಾವೇ ಜೋಡಿಸಿಕೊಳ್ಳಬೇಕು. ಎರಡು ಗಂಟೆಯ ಆಟ ಅನ್ನುತ್ತಾರೆ, ನನಗೆ ಮೂರು ಸಂಜೆ ಹಿಡಿಯಿತು. ಇಲ್ಲಿಯೂ ಆಗ ಜೂನ್ ಮಳೆ. ಗುಡುಗಿದ್ದು ಆಟದಲ್ಲೋ ಕಿಟಕಿಯಾಚೆಯೋ ತಿಳಿಯದೆ ಎರಡು ಸಲ ಹೆಡ್‌ಫೋನ್ ತೆಗೆದು ನೋಡಿದೆ. ಹೊರಗೆ ಬಟ್ಟೆ ಒಣಗಲು ಹಾಕಿತ್ತಲ್ಲ.

ಆಮೇಲೆ ಇಂಥವನ್ನೇ ಹುಡುಕಿ ಹುಡುಕಿ ಆಡಿದೆ. 'ವಾಕಿಂಗ್ ಸಿಮ್ಯುಲೇಟರ್', ಅಂದರೆ ಬರೀ ನಡೆಯುವ ಆಟ, ಅಂತ ಕೆಲವರು ಗೇಲಿ ಮಾಡುತ್ತಾರೆ. ಮಾಡಲಿ. ನನ್ನದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಎಲ್ಲ ಕೆಳಗಿಳಿಸಿಕೊಂಡೇ ಆಡಬೇಕು. ಸಬ್‌ಟೈಟಲ್ ಹಾಕಿಕೊಳ್ಳುತ್ತೇನೆ, ಇಲ್ಲದಿದ್ದರೆ ಅವರ ಇಂಗ್ಲಿಷ್ ಅರ್ಧ ತಲೆಗೆ ಹೋಗುವುದಿಲ್ಲ. ಮೊದಮೊದಲು ತಲೆ ಸುತ್ತಿ ವಾಂತಿ ಬರುವ ಹಾಗೆ ಆಗುತ್ತಿತ್ತು. ನಡೆಯುವಾಗ ಕ್ಯಾಮೆರಾ ಮೇಲೆ ಕೆಳಗೆ ಕುಣಿಯುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿದ ಮೇಲೆ ಸರಿಹೋಯಿತು. ಸಿಕ್ಕಿಹಾಕಿಕೊಂಡಾಗ ಯೂಟ್ಯೂಬ್ ನೋಡಿ ದಾರಿ ಕಂಡುಕೊಳ್ಳುವ ಚಟವನ್ನು ಮಾತ್ರ ಕಷ್ಟಪಟ್ಟು ಬಿಟ್ಟೆ. ಹಾಗೆ ನೋಡಿದ ಒಂದು ಆಟದ ಕಥೆ ಈಗ ನೆನಪೇ ಇಲ್ಲ.

ಎಲ್ಲವೂ ಹಿಡಿಸಿತು ಅಂತಲ್ಲ. ಡಿಯರ್ ಎಸ್ತರ್‌ನಲ್ಲಿ ದ್ವೀಪ ಚೆನ್ನಾಗಿದೆ, ಆದರೆ ಓಡುವುದಕ್ಕೂ ಬಿಡುವುದಿಲ್ಲ. ನಿಜ ಹೇಳುತ್ತೇನೆ, ನಿದ್ದೆ ಬಂತು.

ಫೈರ್‌ವಾಚ್ ಮುಗಿಸಿದ ದಿನ ಸಿಟ್ಟೇ ಬಂದಿತ್ತು. 1989ರ ಬೇಸಿಗೆ, ವಯೋಮಿಂಗ್ ಕಾಡು. ಹೆನ್ರಿ ಅನ್ನುವವನ ಹೆಂಡತಿಗೆ ಚಿಕ್ಕ ವಯಸ್ಸಿನಲ್ಲೇ ಮರೆವಿನ ಕಾಯಿಲೆ. ಅವನು ಅದರಿಂದ ತಪ್ಪಿಸಿಕೊಂಡು, ಕಾಡ್ಗಿಚ್ಚು ಕಾಯುವ ಕೆಲಸಕ್ಕೆ ಬಂದು ಅಟ್ಟಣೆ ಹತ್ತಿ ಕೂರುತ್ತಾನೆ. ಮಾತಿಗೆ ಇರುವುದು ವಾಕಿಟಾಕಿಯಲ್ಲಿ ಡಿಲೈಲಾ ಒಬ್ಬಳೇ. ಉತ್ತರ ಆರಿಸಲು ಸ್ವಲ್ಪವೇ ಹೊತ್ತು ಕೊಡುತ್ತಾರೆ. ನಾನು ಓದುತ್ತಾ ಕೂತೆ, ಟೈಮ್ ಮುಗಿಯಿತು. ನಾನು ಬೇಕಂತಲೇ ಸುಮ್ಮನಿದ್ದೆ ಅಂತ ಅವಳು ತಿಳಿದುಕೊಂಡಳು. ಆಟದ ಹೆಂಗಸಿನ ಹತ್ತಿರ ಸಾರಿ ಕೇಳಬೇಕು ಅನ್ನಿಸಿದ್ದು ಅದೇ ಮೊದಲು! ಕಾಡಿನಲ್ಲಿ ಏನೋ ದೊಡ್ಡ ಪಿತೂರಿ ಇದೆ ಅಂತ ಕೊನೆಯವರೆಗೂ ಓಡಿದೆ. ಅಷ್ಟು ದೊಡ್ಡದೇನೂ ಇರಲಿಲ್ಲ. ಇಷ್ಟಕ್ಕಾ ಅಂತ ಲ್ಯಾಪ್‌ಟಾಪ್ ಮುಚ್ಚಿದೆ. ಮಾರನೇ ದಿನ ಥಾಣೆಗೆ ಹೋಗುವ ಲೋಕಲ್ ರೈಲಿನಲ್ಲಿ ನೇತಾಡುತ್ತಿದ್ದಾಗ ಹೊಳೆಯಿತು. ಪಿತೂರಿ ಬೇಕಾಗಿದ್ದದ್ದು ಹೆನ್ರಿಗೂ ಅಲ್ವಾ? ಅದೊಂದು ಇದ್ದಿದ್ದರೆ ಹೆಂಡತಿಯ ಹತ್ತಿರ ಹೋಗುವುದನ್ನು ಇನ್ನಷ್ಟು ದಿನ ಮುಂದೂಡಬಹುದಿತ್ತು.

ಈಗ ಅಪ್ಪನ ವಿಷಯ. ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್ ಆಟದ ಕಥೆ ಬಿಟ್ಟುಕೊಡುತ್ತೇನೆ, ಆಡಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿ.

ಅಪ್ಪ ಕುಂದಾಪುರ ಕಡೆಯವರು. ಮಾಟುಂಗದ ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ಈರುಳ್ಳಿ, ತರಕಾರಿ ಹೆಚ್ಚಿದವರು. ಎಡಗೈ ತೋರುಬೆರಳಿನ ತುದಿ ಸ್ವಲ್ಪ ಚಪ್ಪಟೆ. ಹೇಗಾಯಿತು ಅಂತ ಕೇಳಿದರೆ "ಯೋಚ್ನೆ ಎಲ್ಲೋ ಇತ್" ಅನ್ನುತ್ತಾರೆ, ಅಷ್ಟೇ. ಆವತ್ತು ನಾನು ಎಡಿತ್ ಫಿಂಚ್ ಆಡುತ್ತಿದ್ದಾಗ ಚಹಾ ಹಿಡಿದುಕೊಂಡು ಪಕ್ಕದಲ್ಲಿ ಬಂದು ಕೂತರು. ಸ್ವಲ್ಪ ಹೊತ್ತು ನೋಡಿ, "ಇದ್ರಗೆ ಹೊಡುಕೆ ಯಾರೂ ಇಲ್ಯಾ?" ಅಂದರು.

ಅಷ್ಟರಲ್ಲಿ ಆಟದಲ್ಲಿ ಲೂಯಿಸ್ ಅನ್ನುವವನ ಭಾಗ ಬಂತು. ಅವನದು ಮೀನಿನ ಕಾರ್ಖಾನೆಯಲ್ಲಿ ಕೆಲಸ. ಬಲಗೈಯ ಮೌಸಿನಿಂದ ಮೀನು ಎತ್ತಬೇಕು, ತಲೆ ಕತ್ತರಿಸುವ ಅಲಗಿಗೆ ಒಡ್ಡಬೇಕು, ಬೆಲ್ಟಿನ ಮೇಲೆ ಎಸೆಯಬೇಕು. ಅದರ ಜೊತೆಗೇ ಎಡಗೈಯಿಂದ ಅವನ ಕನಸಿನೊಳಗಿನ ಮನುಷ್ಯನನ್ನು ನಡೆಸಬೇಕು. ಮೊದಲು ಕನಸು ಸ್ಕ್ರೀನಿನ ಮೂಲೆಯಲ್ಲಿ ಚಿಕ್ಕದಾಗಿರುತ್ತೆ. ಬರಬರುತ್ತಾ ಊರು, ನದಿ, ಅರಮನೆ ಅಂತ ಬೆಳೆದು ಸ್ಕ್ರೀನ್ ತುಂಬುತ್ತೆ. ಬಲಗೈ ಮಾತ್ರ ಕತ್ತರಿಸುತ್ತಲೇ ಇರುತ್ತೆ. ಎತ್ತು, ಒಡ್ಡು, ಎಸೆ. ನನ್ನ ಕೈ ಅದನ್ನು ಯಾವಾಗ ಕಲಿತುಬಿಟ್ಟಿತೋ ಗೊತ್ತಾಗಲಿಲ್ಲ. ನಾನೂ ಕನಸನ್ನೇ ನೋಡುತ್ತಿದ್ದೆ.

ಅಪ್ಪ ನೋಡುತ್ತಿದ್ದದ್ದು ಕನಸನ್ನಲ್ಲ. ಚಹಾ ಲೋಟ ನೆಲಕ್ಕಿಟ್ಟು ಮುಂದೆ ಬಾಗಿದರು.

"ಕೈ ಕಾಣ್ ಮಾರಾಯಾ, ಕೈ ಕಾಣ್! ಅವ ಕತ್ತಿ ಕಾಂತಾ ಇಲ್ಲ."

"ಆಟ ಅಪ್ಪ ಇದು."

"ಆಟವೇ. ಆರೂ ಅವ ಕಾಂತಾ ಇಲ್ಲ."

ಒಳಗೆ ಕುಕ್ಕರ್ ಮೂರನೇ ವಿಶಲ್ ಹಾಕಿತು. ಅವರು ಗ್ಯಾಸ್ ಆರಿಸಲು ಎದ್ದುಹೋದರು. ನಾನು ಸೌಂಡ್ ಕಡಿಮೆ ಮಾಡಿಕೊಂಡು, ಲೂಯಿಸ್ ಆ ಅಲಗಿಗೇ ತಲೆ ಬಾಗಿಸುವವರೆಗೂ ಆಡಿ ಮುಗಿಸಿದೆ. ಮೌಸಿನಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಊಟಕ್ಕೆ ಕೂತಾಗ ಕೇಳಿದರು, "ಆ ಮೀನಿನವ ಎಂತ ಆದ?"

"ಕೆಲಸ ಬಿಟ್ಟ" ಅಂದೆ.

"ಒಳ್ಳೇದಾಯ್ತ್," ಅಂತ ಅನ್ನಕ್ಕೆ ಸಾರು ಹಾಕಿಕೊಂಡರು.