1600 ಸಾಕೇ, 1600ಎಕ್ಸ್ ಬೇಕೇ?

2017ರ ಕೊನೆಯಲ್ಲಿ ಹೊಸ ಕಂಪ್ಯೂಟರ್ ಜೋಡಿಸಲು ಹೊರಟ ನನಗೂ ಗೆಳೆಯನಿಗೂ ಕಡೆಗೆ ಉಳಿದ ಆಯ್ಕೆಗಳು ಎರಡೇ: ಎಎಂಡಿ ಕಂಪನಿಯ ರೈಜೆನ್ 5 1600 ಮತ್ತು 1600ಎಕ್ಸ್ ಪ್ರೊಸೆಸರ್‌ಗಳು. ಎರಡರಲ್ಲೂ 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ). ಒಳಗಿನ ಚಿಪ್ಪಿನ ವಿನ್ಯಾಸವೂ ಒಂದೇ. ಮೊದಲನೆಯದರ ಮೂಲ ವೇಗ 3.2 ಗಿಗಾಹರ್ಟ್ಸ್, ಎರಡನೆಯದರದು 3.6. ಬಿಡುಗಡೆಯಾದಾಗ ಬೆಲೆಯಲ್ಲಿದ್ದ ಅಂತರ 30 ಡಾಲರ್. ಆದರೆ 1600ರ ಡಬ್ಬಿಯಲ್ಲಿ ಚಿಪ್ಪನ್ನು ತಣ್ಣಗಿಡುವ ಕೂಲರ್ ಇರುತ್ತಿತ್ತು, 1600ಎಕ್ಸ್ ಕೊಂಡವರು ಅದನ್ನು ಬೇರೆಯಾಗಿಯೇ ಕೊಳ್ಳಬೇಕಿತ್ತು.

ಈ ರೈಜೆನ್ ಪ್ರೊಸೆಸರ್‌ಗಳ ವೇಗವನ್ನು ನಿರ್ಧರಿಸುವ ಮಲ್ಟಿಪ್ಲೈಯರ್‌ಗೆ (ಗುಣಕಕ್ಕೆ) ಬೀಗವಿಲ್ಲದ ಕಾರಣ ಬಿ350 ಮದರ್‌ಬೋರ್ಡ್ ಇದ್ದರೆ ಅಗ್ಗದ ಚಿಪ್ಪನ್ನೂ ಓವರ್‌ಕ್ಲಾಕ್ ಮಾಡಬಹುದು, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಬಹುದು. ಎ320 ಮದರ್‌ಬೋರ್ಡಿನಲ್ಲಿ ಆ ಸೌಲಭ್ಯವಿಲ್ಲ. ಹೀಗಾಗಿ ನಾನು 1600 ಕೊಂಡೆ; ಗೆಳೆಯ ಮಾತ್ರ 1600ಎಕ್ಸ್ ಕೊಂಡ.

ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ, ಪ್ರತಿ ಹಂತದಲ್ಲೂ ಪ್ರೊಸೆಸರನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಪ್ರೈಮ್95 ತಂತ್ರಾಂಶ ಓಡಿಸಿ ನೋಡಿದೆ. 1.3 ವೋಲ್ಟ್‌ನಲ್ಲಿ 3.8 ಗಿಗಾಹರ್ಟ್ಸ್ ರಾತ್ರಿಯಿಡೀ ನಿಂತಿತು. 3.9ಕ್ಕೆ 1.35 ವೋಲ್ಟ್ ಕೊಟ್ಟರೂ ನಲವತ್ತು ನಿಮಿಷದಲ್ಲಿ ಒಂದು ಥ್ರೆಡ್ ತಪ್ಪು ಲೆಕ್ಕ ಮಾಡಿ ನಿಂತುಹೋಯಿತು. ಹುಂಬತನದಿಂದ 1.4 ವೋಲ್ಟ್ ಕೊಟ್ಟು 4.0 ಪ್ರಯತ್ನಿಸಿದಾಗ ಫ್ಯಾನುಗಳು ತಿರುಗಿದವೇ ಹೊರತು ಪರದೆ ಬೆಳಗಲಿಲ್ಲ. ಪವರ್ ಕೇಬಲ್ ಕಿತ್ತು, ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ತೆಗೆದು, ಹತ್ತು ನಿಮಿಷ ಬಿಟ್ಟು ಹಾಕಿದ ಮೇಲೆ ಬಯೋಸ್ ಸೆಟ್ಟಿಂಗ್‌ಗಳು ಮೊದಲಿನಂತಾಗಿ ಜೀವ ಬಂತು.

ಗೆಳೆಯನ ಚಿಪ್ಪು ಹೆಚ್ಚು ತಕರಾರಿಲ್ಲದೆ 4.0 ಮುಟ್ಟಿತು. ಆದರೆ ಅದರ ತಾಪಮಾನ ನನ್ನದಕ್ಕಿಂತ ವಿಪರೀತ ಹೆಚ್ಚೆಂದು ಕಂಡು, ಎರಡು ದಿನ ಚಿಪ್ಪಿನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒರೆಸಿ ಒರೆಸಿ ಹಚ್ಚಿದೆವು. 1600ಎಕ್ಸ್ ತನ್ನ ನಿಜವಾದ ಬಿಸಿಗೆ 20 ಡಿಗ್ರಿ ಸೇರಿಸಿಯೇ ತೋರಿಸುತ್ತದೆಂಬುದು ನಮಗೆ ಆಗ ಗೊತ್ತಿರಲಿಲ್ಲ. ತಂತ್ರಾಂಶ ತಾನೇ ಕಳೆದಿರದಿದ್ದರೆ, ಹೋಲಿಸುವ ಮುನ್ನ ಆ 20ನ್ನು ಕಳೆಯಲೇಬೇಕು.

ಎಕ್ಸ್ ಅಕ್ಷರಕ್ಕೆ ಕೊಡುವ ಹಣ ಹೆಚ್ಚಿನ ವೇಗದ ಖಾತರಿಗಾಗಿ ಕೊಡುವ ಹಣ. ಬಯೋಸ್ ಮುಟ್ಟಲು ಅಂಜುವವರಿಗೆ ಅದು ಸರಿಯಾದ ಖರ್ಚೇ. ಕೈಯಾರೆ ವೇಗ ಹೊಂದಿಸುವವರಿಗಾದರೋ ಸ್ವಯಂಚಾಲಿತ ಬೂಸ್ಟ್ (ಚಿಪ್ಪು ತಾನಾಗಿಯೇ ವೇಗ ಏರಿಸಿಕೊಳ್ಳುವುದು) ಹೇಗೂ ನಿಂತುಹೋಗುವುದರಿಂದ ಉಳಿಯುವ ಲಾಭ ಬಹುಪಾಲು 100–200 ಮೆಗಾಹರ್ಟ್ಸ್. ನಾನಂತೂ ಉಳಿಸಿದ ಹಣದಲ್ಲಿ ದೊಡ್ಡ ಕೂಲರ್ ಹಾಕಿಸಿದೆ. ಚಳಿಗಾಲದಲ್ಲಿ 1.375 ವೋಲ್ಟ್‌ಗೆ 3.9 ದಕ್ಕಿತು; ಏಪ್ರಿಲ್ ಬಂದು ಕೋಣೆ ಕಾದಾಗ ಪುನಃ 3.8ಕ್ಕೇ ಇಳಿಸಿದೆ.