ಹತ್ತುವಾಗ ಇಲ್ಲ, ಇಳಿದ ಮೇಲೆ ಇದೆ: ನನ್ನ ಮಾರುತಿ 800ರ ನೀಲಿ ಹೊಗೆ

ಬೆಳಿಗ್ಗೆ ಆರಕ್ಕೆ ಕಾರು ಸ್ಟಾರ್ಟ್ ಮಾಡಿದೆ. ಸೈಲೆನ್ಸರ್‌ನಿಂದ ದಪ್ಪ ಹೊಗೆ ಎದ್ದು ಓಣಿ ತುಂಬಿತು. ಎದುರು ಮನೆ ಅಜ್ಜಿ ರಂಗೋಲಿ ಬಿಟ್ಟು ಎದ್ದು ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನಪ್ಪಾ, ಗಾಡಿ ಸುಡಾಕತ್ತೈತೇನು?" ಅಂದರು. ಒಂದೆರಡು ನಿಮಿಷದಲ್ಲಿ ಹೊಗೆ ನಿಂತಿತು. ಮರುದಿನ ಮತ್ತೆ ಅದೇ.

ಇದು ಅಪ್ಪ ಕೊಂಡಿದ್ದ 1998ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್ ಗಾಡಿ. ಬಳ್ಳಾರಿಯಲ್ಲೊಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಎರಡು ಸಲ ಆಕ್ಸಿಲರೇಟರ್ ಒತ್ತಿ ನೋಡಿ, "ರಿಂಗ್ ಹೋಗ್ಯಾವ್ರಿ ಸರ್. ಇಂಜಿನ್ ಇಳಿಸಿ ಬೋರ್ ಮಾಡಿಸ್ಬೇಕು, 22,000 ಆಗ್ತದ" ಅಂದರು. ರಿಂಗ್ ಅಂದರೆ ಪಿಸ್ಟನ್ ಸುತ್ತ ಇದ್ದು ಸಂದಿ ಮುಚ್ಚುವ ಬಳೆ; ಬೋರ್ ಅಂದರೆ ಸಿಲಿಂಡರ್ ಒಳಗೋಡೆ ಕೊರೆದು ಸರಿ ಮಾಡುವುದು. ಹೊಗೆ ಯಾವಾಗ ಬರುತ್ತೆ ಅಂತ ಒಂದು ಮಾತು ಕೇಳಲಿಲ್ಲ. ನನಗೆ ಅದೇ ಸರಿ ಅನ್ನಿಸಲಿಲ್ಲ. ಗಾಡಿ ವಾಪಸ್ ತಂದೆ.

ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಅಂತ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬಿಳಿ ಹೊಗೆ ನೀರಿನದು. ಚಳಿಯ ಬೆಳಿಗ್ಗೆ ಬಿಳಿ ಆವಿಯೂ ನೀಲಿಯಂತೆ ಕಾಣುತ್ತೆ, ಅದಕ್ಕೇ ಬರೀ ಕಣ್ಣನ್ನು ನಂಬಲಿಲ್ಲ. ಹಳೇ ಬಿಳಿ ಪಂಚೆಯ ತುಂಡನ್ನು ಕೋಲಿಗೆ ಕಟ್ಟಿ ಸೈಲೆನ್ಸರ್ ಬಾಯಿಗೆ ಹಿಡಿದೆ. ಅರ್ಧ ನಿಮಿಷಕ್ಕೆ ಬಟ್ಟೆ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಕಂದು ಚುಕ್ಕೆಗಳು ಮೂಡಿದವು. ಬೆರಳಿಂದ ಉಜ್ಜಿದರೆ ಜಿಡ್ಡು, ಮೂಸಿದರೆ ಸುಟ್ಟೆಣ್ಣೆ ವಾಸನೆ. ಆಯಿಲ್ಲೇ ಅಂತ ಖಾತ್ರಿ ಆಯಿತು.

ಇನ್ನು ಆ ಆಯಿಲ್ ಯಾವ ದಾರಿಯಲ್ಲಿ ಒಳಗೆ ಹೋಗುತ್ತಿದೆ? ಮೊದಲು ಖರ್ಚಿಲ್ಲದ್ದನ್ನು ನೋಡಿದೆ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿ ಎಳೆದೆ. ಆಯಿಲ್ ಮೇಲಿನ ಗೆರೆ ದಾಟಿರಲಿಲ್ಲ. ದಾಟಿದ್ದರೆ ಅದೊಂದೇ ಹೊಗೆಗೆ ಸಾಕು. ಆಮೇಲೆ ಇಂಜಿನ್ ಮೇಲಿನ ಮುಚ್ಚಳವಾದ ಹೆಡ್ ಕವರ್‌ನಿಂದ ಏರ್ ಫಿಲ್ಟರ್‌ಗೆ ಹೋಗುವ ಬ್ರೀದರ್ ಪೈಪ್ ಬಿಚ್ಚಿದೆ. ನಮ್ಮ ಕಡೆ ಅದಿರಿನ ಕೆಂಪು ಧೂಳು ಎಲ್ಲಿ ಕೂರಲ್ಲ ಹೇಳಿ! ಪೈಪ್ ಒಳಗೆ ಆಯಿಲ್ ಜೊತೆ ಸೇರಿ ಹೆಪ್ಪುಗಟ್ಟಿ ಕೂತಿತ್ತು. ಇದು ಕಟ್ಟಿಕೊಂಡರೆ ಇಂಜಿನ್ ಒಳಗೆ ಒತ್ತಡ ಏರಿ ಆಯಿಲನ್ನು ಸಿಕ್ಕ ಸಂದಿಯಲ್ಲೆಲ್ಲ ನೂಕುತ್ತೆ. ಪೆಟ್ರೋಲ್‌ನಲ್ಲಿ ತೊಳೆದು, ಒಣಗಿಸಿ ಹಾಕಿದೆ. ಹೊಗೆ ಸ್ವಲ್ಪ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ.

ನಿಜವಾದ ಉತ್ತರ ಸಿಕ್ಕಿದ್ದು ಸಂಡೂರಿನ ಕುಮಾರಸ್ವಾಮಿ ಬೆಟ್ಟದಲ್ಲಿ. ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಟೆ. ಹಿಂದೆ ಬೈಕಿನಲ್ಲಿ ತಮ್ಮ ಬಂದ, ಸೈಲೆನ್ಸರ್ ಮೇಲೇ ಕಣ್ಣಿಡು ಅಂತ ಹೇಳಿದ್ದೆ. ನಾಲ್ಕು ಜನರ ಭಾರ, ಸೆಕೆಂಡ್ ಗೇರ್, ಇಂಜಿನ್ ಏದುಸಿರು ಬಿಡುತ್ತ ಹತ್ತಿತು. ಮೇಲೆ ಬಂದ ತಮ್ಮ, "ಏನೂ ಇಲ್ಲಣ್ಣ, ಕ್ಲೀನ್ ಐತಿ" ಅಂದ. ಇಳಿಯುವಾಗ ಸೆಕೆಂಡ್ ಗೇರಲ್ಲೇ ಆಕ್ಸಿಲರೇಟರ್‌ನಿಂದ ಪೂರ್ತಿ ಕಾಲು ತೆಗೆದೆ. ಕೆಳಗೆ ಸಮ ರಸ್ತೆಗೆ ಬಂದು ಒತ್ತಿದ್ದೇ ತಡ, ತಮ್ಮ ಹಾರ್ನ್ ಹೊಡೆದ. ಕನ್ನಡಿಯಲ್ಲಿ ನೋಡಿದರೆ ಅವನೇ ಕಾಣಿಸಲಿಲ್ಲ, ಅಷ್ಟು ಹೊಗೆ.

ಇದರ ಅರ್ಥ ಹೀಗೆ. ಇಳಿಜಾರಿನಲ್ಲಿ ಇಂಜಿನ್ ಜೋರಾಗಿ ತಿರುಗುತ್ತಿರುತ್ತೆ, ಆದರೆ ಗಾಳಿ ಒಳಗೆ ಬರುವ ಬಾಯಿ ಮುಚ್ಚಿರುತ್ತೆ. ಆ ಗಾಳಿ ಒಯ್ಯುವ ಕೊಳವೆ, ಅಂದರೆ ಮ್ಯಾನಿಫೋಲ್ಡ್‌ನಲ್ಲಿ ಎಳೆತ ಜಾಸ್ತಿಯಾಗಿ, ಸಿಲಿಂಡರ್ ಬಾಗಿಲಿನಂತಿರುವ ವಾಲ್ವ್‌ನ ಕಡ್ಡಿಯ ಪಕ್ಕದಿಂದ ಮೇಲಿನ ಆಯಿಲನ್ನು ಹೀರಿಕೊಳ್ಳುತ್ತೆ. ತಡೆಯಬೇಕಾದ ರಬ್ಬರ್ ಸೀಲ್ ಗಟ್ಟಿಯಾಗಿದ್ದರೆ ತಡೆಯಲ್ಲ. ರಾತ್ರಿ ನಿಂತ ಗಾಡಿಯಲ್ಲೂ ಅದೇ ದಾರಿಯಲ್ಲಿ ಆಯಿಲ್ ತೊಟ್ಟಿಕ್ಕುತ್ತೆ, ಬೆಳಿಗ್ಗೆ ಸುಡುತ್ತೆ. ರಿಂಗ್ ಸವೆದಿದ್ದರೂ ಇಳಿಜಾರಲ್ಲಿ ಹೊಗೆ ಬರಬಹುದು. ಆದರೆ ಆಗ ಹತ್ತುವಾಗ, ಇಂಜಿನ್ ಮೇಲೆ ಭಾರ ಬಿದ್ದಾಗ, ಸುಮ್ನೆ ಇರಲ್ಲ.

ಆದರೂ ಒಂದು ಸಾಕ್ಷಿ ಬೇಕಿತ್ತು. ಕೌಲ್ ಬಜಾರ್ ಕಡೆ ನನಗೆ ಗೊತ್ತಿರುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ, ಎಲ್ಲರೂ ಚಾಚಾ ಅಂತಾರೆ. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಅವರ ಕಂಪ್ರೆಷನ್ ಗೇಜ್ ಹಾಕಿ ನೋಡಿದೆವು. ಇಂಜಿನ್ ಬಿಸಿ ಮಾಡಿ, ಮೂರೂ ಸ್ಪಾರ್ಕ್ ಪ್ಲಗ್ ತೆಗೆದು, ಕಾಯಿಲ್ ವೈರ್ ಬಿಡಿಸಿ, ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಸೆಲ್ಫ್ ಹೊಡೆದೆ. 160, 158, 152 ಪಿಎಸ್‌ಐ. ಪ್ರತಿ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಏರಿದ್ದು ಆರೇಳು ಪಿಎಸ್‌ಐ ಅಷ್ಟೇ. ರಿಂಗ್ ಸವೆದಿದ್ದರೆ ಆಯಿಲ್ ಸಂದಿ ಮುಚ್ಚಿ ಮುಳ್ಳು ಚೆನ್ನಾಗಿ ಮೇಲೇರುತ್ತಿತ್ತು. ಆದರೆ ಚಾಚಾ ಒಂದು ಮಾತು ಹೇಳಿದರು: "ಇದನ್ನೊಂದೇ ನಂಬಬೇಡ್ರಿ ಸರ್. ಕೆಳಗಿನ ಆಯಿಲ್ ರಿಂಗ್ ಜಾಮ್ ಆದ್ರೂ ಕಂಪ್ರೆಷನ್ ಚಲೋ ತೋರಿಸ್ತದ. ನೀವು ಬೆಟ್ಟ ಹತ್ತಿಸಿ ನೋಡಿದ್ರಲ್ಲ, ಅದು ಕರೆಕ್ಟ್." ಎರಡೂ ಸೇರಿದ್ದಕ್ಕೇ ನಮಗೆ ಧೈರ್ಯ ಬಂತು.

ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸದೆ ಆ ರಬ್ಬರ್ ಸೀಲ್ ಬದಲಿಸಿದೆವು. ಪ್ಲಗ್ ತೂತಿನಿಂದ ನೈಲಾನ್ ಹಗ್ಗ ಒಳಗೆ ತುಂಬಿ, ತುದಿ ಹೊರಗೇ ಬಿಟ್ಟು, ಪಿಸ್ಟನ್ನನ್ನು ಕೈಯಿಂದ ಮೇಲಕ್ಕೆ ತಿರುಗಿಸಿದರೆ ಹಗ್ಗ ವಾಲ್ವ್‌ಗಳನ್ನು ಒತ್ತಿ ಹಿಡಿಯುತ್ತೆ. ಆಮೇಲೆ ವಾಲ್ವ್ ಸ್ಪ್ರಿಂಗ್ ಒತ್ತಿ, ಅದನ್ನು ಹಿಡಿದಿರುವ ಪುಟ್ಟ ಲಾಕ್ ತೆಗೆಯಬಹುದು. ಶುರು ಮಾಡುವ ಮೊದಲು ಚಾಚಾ ಆಯಿಲ್ ಇಳಿಯುವ ತೂತುಗಳಿಗೆಲ್ಲ ಬಟ್ಟೆ ತುರುಕಿದರು. ಲಾಕ್ ಒಂದು ಕೆಳಗೆ ಬಿದ್ದರೆ ಇಂಜಿನ್ ತಳದ ಆಯಿಲ್ ಚೇಂಬರ್ ಬಿಚ್ಚಬೇಕಾಗುತ್ತೆ ಅಲ್ವಾ?

ಮೊದಲ ಸೀಲ್ ಅಂಗೈಗೆ ಬಂದಾಗ ನೋಡುತ್ತ ನಿಂತುಬಿಟ್ಟೆ. ರಬ್ಬರ್ ಅನ್ನುವ ಗುಣವೇ ಉಳಿದಿರಲಿಲ್ಲ. ಎರಡು ಬೆರಳಲ್ಲಿ ಒತ್ತಿದೆ, ಒಣ ಹುಣಸೆ ಸಿಪ್ಪೆ ಥರ ಚಟ್ ಅಂತ ಮುರಿಯಿತು. ಸಿಲಿಂಡರಿಗೆ ಎರಡರಂತೆ ಇದ್ದ ಆರರಲ್ಲಿ ನಾಲ್ಕು ಹೀಗೇ. ಬಳ್ಳಾರಿ ಬೇಸಿಗೆ, ಇಷ್ಟು ವರ್ಷದ ಇಂಜಿನ್ ಕಾವು, ಇನ್ನೇನಾಗುತ್ತೆ.

ಹೊಸ ಸೀಲ್ ಹಾಕುವ ಮೊದಲು ಪ್ರತಿ ವಾಲ್ವನ್ನೂ ಅಕ್ಕಪಕ್ಕ ಅಲ್ಲಾಡಿಸಿ ನೋಡಿದೆವು. ವಾಲ್ವ್ ಕಡ್ಡಿ ಓಡಾಡುವ ಕೊಳವೆ, ಅಂದರೆ ಗೈಡ್, ಸಡಿಲ ಇದ್ದರೆ ಹೊಸ ಸೀಲೂ ಬಹಳ ದಿನ ಬಾಳಲ್ಲ. ಐದು ಬಿಗಿಯಾಗಿದ್ದವು, ಮೂರನೇ ಸಿಲಿಂಡರ್‌ನ ಒಂದು ಸ್ವಲ್ಪ ಆಡಿತು. ಕೊನೆಗೆ ಚಾಚಾ ಸಂದಿ ಅಳೆಯುವ ಫೀಲರ್ ಗೇಜ್ ಇಟ್ಟು ವಾಲ್ವ್ ಸೆಟ್ಟಿಂಗ್ ಮಾಡಿದರು. ಸೀಲ್, ಹೆಡ್ ಕವರ್ ಪ್ಯಾಕಿಂಗ್, ಚಾಚಾ ಕೂಲಿ ಎಲ್ಲ ಸೇರಿ 2,400 ರೂಪಾಯಿ.

ಮರುದಿನ ಬೆಳಿಗ್ಗೆ ಮತ್ತೆ ಹೊಗೆ! ಎದೆ ಧಸಕ್ ಅಂದಿತು. ಚಾಚಾಗೆ ಫೋನ್ ಮಾಡಿದರೆ, "ಸೈಲೆನ್ಸರ್ ಒಳಗಿನ ಹಳೇ ಆಯಿಲ್ ಸುಡಬೇಕ್ರಿ, ಹೊಸಪೇಟೆ ತನಕ ಹೋಗಿ ಬರ್ರಿ" ಅಂದರು. ಹೋಗಿ ಬಂದೆ. ನಿಂತಿತು.

ಈಗ 4,000 ಕಿ.ಮೀ. ಓಡಿದೆ. ಮೊದಲು ಸಾವಿರ ಕಿ.ಮೀ.ಗೆ ಮುಕ್ಕಾಲು ಲೀಟರ್ ಆಯಿಲ್ ಕುಡಿಯುತ್ತಿದ್ದ ಗಾಡಿಗೆ ಇಷ್ಟು ದೂರಕ್ಕೆ ಅರ್ಧ ಲೀಟರ್ ಸಹ ಹಾಕಿಲ್ಲ. ಮೂರನೇ ಸಿಲಿಂಡರ್ ಪ್ಲಗ್ಗನ್ನು ಮಾತ್ರ ಎರಡು ತಿಂಗಳಿಗೊಮ್ಮೆ ಬಿಚ್ಚಿ ನೋಡುತ್ತೇನೆ. ಹೋದ ವಾರ ನೋಡಿದಾಗ ತುದಿ ಒಣಗಿತ್ತು, ತಿಳಿ ಕಂದು ಬಣ್ಣ ಇತ್ತು. ಅಂದರೆ ಅಲ್ಲಿಗೆ ಆಯಿಲ್ ಇಳಿಯುತ್ತಿಲ್ಲ.