ಪತ್ನಿಯ ಸಂಬಳ, ನನ್ನ ಮನೆವಾರ್ತೆ: ಮೂರನೆಯ ಸಲ ಕೂಡಿಬಂದ ಲೆಕ್ಕ

ಪತ್ನಿ ದುಡಿಯುವ, ಪತಿ ಮನೆವಾರ್ತೆ ನೋಡಿಕೊಳ್ಳುವ ಏರ್ಪಾಡು ನಮ್ಮಲ್ಲಿ ಎಂಟೊಂಬತ್ತು ವರ್ಷಗಳಿಂದ ನಡೆದುಕೊಂಡು ಬಂದಿದೆ. ಇದು ಆರು ತಿಂಗಳೂ ಬಾಳುವುದಿಲ್ಲವೆಂದು ಮೊದಲಿಗೆ ನುಡಿದವರು ಅನೇಕರಿದ್ದರು. ಅವರಲ್ಲಿ ಇಬ್ಬರು ಈಚೆಗೆ ತಮ್ಮ ಮನೆಯಲ್ಲೂ ಇದೇ ಸಂದರ್ಭ ಒದಗಿದಾಗ ನನ್ನನ್ನೇ ವಿಚಾರಿಸಿದರು ಎಂಬುದನ್ನು ಹೇಳಿಕೊಳ್ಳದೆ ಮುಂದೆ ಹೋಗಲಾರೆ. ಮನೆಗೆಲಸ ಮಾಡುವ ಬಗೆ ಈ ದಾರಿಯಲ್ಲಿರುವವರಿಗೆ ಗೊತ್ತಿರುವುದರಿಂದ ಅದನ್ನು ಇಲ್ಲಿ ಬಿಡುತ್ತೇನೆ. ನಮ್ಮ ಏರ್ಪಾಡು ಎರಡು ಸಲ ಕುಸಿದದ್ದು ಹಣದ ವಿಷಯದಲ್ಲಿ, ಅದೂ ಹಣ ಸಾಲದೆ ಅಲ್ಲ, ಹಣ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುತ್ತಿದ್ದ ರೀತಿಯಿಂದ.

ಮೊದಲ ಏರ್ಪಾಡು ಎಲ್ಲರೂ ಮಾಡುವಂಥದ್ದೇ. ಸಂಬಳ ಆಕೆಯ ಖಾತೆಗೆ ಬರುತ್ತಿತ್ತು, ತಿಂಗಳ ಖರ್ಚಿಗೆಂದು ಒಂದು ಮೊತ್ತವನ್ನು ಆಕೆ ನನ್ನ ಖಾತೆಗೆ ಹಾಕುತ್ತಿದ್ದಳು. ಮೊತ್ತ ಕಡಿಮೆಯಾದ ತಿಂಗಳು ನಾನು ಕೇಳಬೇಕಾಗಿತ್ತು. ಅಚ್ಚುಕಟ್ಟಾಗಿ ನಡೆಸಿ ಉಳಿಸಿದರೆ ಮುಂದಿನ ತಿಂಗಳು ಅಷ್ಟು ಬೇಡವೆಂದು ಮೊತ್ತವೇ ಇಳಿಯುತ್ತಿತ್ತು, ಅಂದರೆ ಜಾಣತನದಿಂದ ಉಳಿಸಿದ್ದಕ್ಕೆ ಸಿಗುತ್ತಿದ್ದ ಬಹುಮಾನ ಕಡಿತವೇ ಆಗಿತ್ತು. ಇದರಲ್ಲಿ ಆಕೆಯ ದಬ್ಬಾಳಿಕೆ ಎಳ್ಳಷ್ಟೂ ಇರಲಿಲ್ಲ. ಆದರೂ ದೊಡ್ಡ ಖರ್ಚಿಗೆ ನಾನು ಬಳಸುತ್ತಿದ್ದ ಕಾರ್ಡು ಆಕೆಯ ಹೆಸರಿನದಾದ್ದರಿಂದ ಪ್ರತಿ ಖರ್ಚಿನ ಸಂದೇಶವೂ ಆಕೆಯ ಫೋನಿಗೇ ಹೋಗುತ್ತಿತ್ತು, ಆಕೆ ಏನನ್ನೂ ಕೇಳದಿದ್ದರೂ ನಾನು ರಾತ್ರಿ ಕುಳಿತು ಸಮಜಾಯಿಷಿ ಕೊಡುತ್ತಿದ್ದೆ. ಹೀಗೆ ಕೊಡುವವರು ಮತ್ತು ಬೇಡುವವರು ಎಂಬ ಎರಡು ಪಾತ್ರಗಳು ನಮ್ಮಿಬ್ಬರಿಗೂ ಬೇಡದಿದ್ದರೂ ಬಂದು ಅಂಟಿಕೊಂಡವು.

ಎರಡನೆಯ ಸಲ ಮಿತಿಯೆಲ್ಲವನ್ನೂ ತೆಗೆದುಹಾಕಿ ಒಂದೇ ಜಂಟಿ ಖಾತೆ ಇಟ್ಟುಕೊಂಡೆವು. ಕೇಳುವ ಪ್ರಸಂಗವೇ ಇಲ್ಲವಾದ್ದರಿಂದ ಇದು ಖಂಡಿತ ನಡೆಯುತ್ತದೆಂದು ಭಾವಿಸಿದ್ದೆವು. ವರ್ಷದ ಕೊನೆಗೆ ಲೆಕ್ಕ ತೆಗೆದಾಗ, ನನ್ನ ಸ್ವಂತಕ್ಕೆಂದು ಆದ ಖರ್ಚು ಆಕೆಯದರ ಹತ್ತರಲ್ಲಿ ಒಂದು ಪಾಲಿನಷ್ಟೂ ಇರಲಿಲ್ಲ. ತಡೆಯುವವರು ಯಾರೂ ಇಲ್ಲದಿದ್ದಾಗ ದುಡಿಯದವನು ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ, ಆಮೇಲೆ ಆ ಬಿಗುವನ್ನು ಬೇರೆ ಯಾವುದೋ ನೆಪದಲ್ಲಿ ಹೊರಗೆ ಹಾಕುತ್ತಾನೆ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಖಾತೆ ಜಂಟಿಯಾಗಿದ್ದರೂ ಉಳಿತಾಯವೆಲ್ಲ ಹಳೆಯ ಅಭ್ಯಾಸದಂತೆ ಆಕೆಯ ಹೆಸರಿನಲ್ಲೇ ಬೆಳೆಯುತ್ತಿತ್ತು, ನನ್ನ ಹೆಸರಿನ ನಿವೃತ್ತಿ ನಿಧಿ ಕೆಲಸ ಬಿಟ್ಟ ದಿನ ಎಲ್ಲಿತ್ತೋ ಅಲ್ಲಿಯೇ ನಿಂತಿತ್ತು.

ಈಗ ಐದಾರು ವರ್ಷಗಳಿಂದ ನಡೆಯುತ್ತಿರುವುದು ಮೂರನೆಯ ಏರ್ಪಾಡು. ಸಂಬಳ ಜಂಟಿ ಖಾತೆಗೆ ಬಂದ ಮರುದಿನ, ಯಾರೂ ಕೈಹಾಕದಂತೆ, ಬ್ಯಾಂಕಿಗೆ ಮೊದಲೇ ಕೊಟ್ಟ ಸೂಚನೆಯ ಪ್ರಕಾರ ಹಣ ಹಂಚಿಹೋಗುತ್ತದೆ. ಶೇಕಡಾ 20ರ ಆಸುಪಾಸು ಭವಿಷ್ಯದ ಉಳಿತಾಯಕ್ಕೆ, ಅದರಲ್ಲಿ ಸರಿಯಾಗಿ ಅರ್ಧ ನನ್ನ ಹೆಸರಿಗೆ. ಶೇಕಡಾ 10 ಆಪದ್ಧನಕ್ಕೆ. ಆಮೇಲೆ ಇಬ್ಬರ ಸ್ವಂತ ಖಾತೆಗಳಿಗೂ ಶೇಕಡಾ ಐದೈದರಂತೆ ಕೈಖರ್ಚು. ಉಳಿದದ್ದು ಮನೆಖರ್ಚು, ಅದರ ಯಜಮಾನಿಕೆ ಪೂರ್ತಿ ನನ್ನದು. ಕೈಖರ್ಚಿನ ಲೆಕ್ಕವನ್ನು ಒಬ್ಬರು ಇನ್ನೊಬ್ಬರಿಂದ ಕೇಳುವಂತಿಲ್ಲ, ಸಂದೇಶವೂ ಅವರವರ ಫೋನಿಗೇ ಹೋಗುತ್ತದೆ. ದುಡಿಯುವವಳಿಗೂ ಮನೆಯಲ್ಲಿರುವವನಿಗೂ ಸಮಪಾಲು ಯಾವ ನ್ಯಾಯವೆಂದು ಕೇಳಿದವರೇ ಹೆಚ್ಚು. ಆಕೆ ಕೆಲಸ ಬದಲಿಸಿದಾಗ ಕೆಲವು ತಿಂಗಳು ಸಂಬಳ ಕಾಲುಭಾಗದಷ್ಟು ಇಳಿದು ಇಬ್ಬರ ಕೈಖರ್ಚೂ ಒಂದೇ ಪ್ರಮಾಣದಲ್ಲಿ ತಗ್ಗಿತು, ಮನೆಯಲ್ಲಿ ಅದರ ಬಗ್ಗೆ ಒಂದು ಮಾತೂ ಏಳಲಿಲ್ಲ. ಕೇಳಿದವರಿಗೆ ನಾನು ಕೊಡುವ ಉತ್ತರ ಅದೊಂದೇ.

ವಿಮೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ದುಡಿಯುವವರ ಹೆಸರಿನಲ್ಲಿ ದೊಡ್ಡ ಮೊತ್ತದ ವಿಮೆ ಮಾಡಿಸುವುದನ್ನು ಯಾರೂ ಮರೆಯುವುದಿಲ್ಲ. ಮನೆಯಲ್ಲಿರುವವರ ಹೆಸರಿನದು ಮಾತ್ರ ಬಿಟ್ಟುಹೋಗುತ್ತದೆ. ವಿಮಾ ಸಂಸ್ಥೆಗಳು ಆದಾಯವನ್ನು ನೋಡಿ ಮೊತ್ತ ನಿಗದಿ ಮಾಡುವುದರಿಂದ ನನಗೆ ಸಿಕ್ಕದ್ದು ಕೇಳಿದ್ದಕ್ಕಿಂತ ಬಹಳ ಕಡಿಮೆ, ಅದಕ್ಕೂ ಸಾಕಷ್ಟು ಅಲೆಯಬೇಕಾಯಿತು. ಇನ್ನೊಂದು ಕಡೆ, ಪತ್ನಿ ತೀರಿಕೊಂಡರೆ ಪತಿಗೆ ಆಸರೆ ಬೇಕಿಲ್ಲವೆಂಬ ಎಣಿಕೆ ಕಾನೂನುಗಳಲ್ಲೇ ಇತ್ತು. ಅಮೆರಿಕದಲ್ಲಿ ಮುಖ್ಯವಾಗಿ ದುಡಿಯುತ್ತಿದ್ದ ಶಿಕ್ಷಕಿಯೊಬ್ಬರು 1972ರಲ್ಲಿ ಹೆರಿಗೆಯ ವೇಳೆ ತೀರಿಕೊಂಡಾಗ, ಮಗುವನ್ನು ಸಾಕಲು ಮನೆಯಲ್ಲಿರಬಯಸಿದ ಪತಿಗೆ, ಆ ಸೌಲಭ್ಯ ವಿಧವೆಯರಿಗಷ್ಟೇ ಎಂಬ ಕಾರಣಕ್ಕೆ ಸಾಮಾಜಿಕ ಭದ್ರತೆಯ ಹಣವನ್ನು ನಿರಾಕರಿಸಲಾಯಿತು. ಮುಂದೆ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ವಕೀಲೆ ರೂತ್ ಬೇಡರ್ ಗಿನ್ಸ್‌ಬರ್ಗ್ ವಾದಿಸಿದ ಆ ಮೊಕದ್ದಮೆಯಲ್ಲಿ ಅದೇ ಕೋರ್ಟ್ 1975ರಲ್ಲಿ ಪತಿಯ ಪರವಾಗಿ ಒಮ್ಮತದ ತೀರ್ಪು ಕೊಟ್ಟಿತು. ಆದ್ದರಿಂದ ಪತ್ನಿಯ ಕಚೇರಿಯ ಕಾಗದಪತ್ರಗಳಲ್ಲಿ ಆಶ್ರಿತರ ಪಟ್ಟಿಯನ್ನೂ ನಾಮನಿರ್ದೇಶನವನ್ನೂ ಸ್ವತಃ ಓದಿ ನೋಡಿರೆಂದು ನನ್ನಂಥವರಿಗೆಲ್ಲ ಹೇಳುತ್ತೇನೆ.

ನಡುವೆ ನನ್ನ ಕೆಲಸಕ್ಕೆ ಬೆಲೆ ಕಟ್ಟುವ ಒಂದು ಪ್ರಯೋಗವನ್ನೂ ಮಾಡಿದೆ. ಅಡುಗೆ, ಮಕ್ಕಳ ಆರೈಕೆ, ಶುಚಿತ್ವ, ಓಡಾಟ ಇವಕ್ಕೆಲ್ಲ ಬೇರೆ ಬೇರೆ ಜನರನ್ನು ಇಟ್ಟುಕೊಂಡರೆ ಎಷ್ಟಾದೀತೆಂದು ಕೂಡಿಸಿದರೆ ಆಕೆಯ ಸಂಬಳದ ಸುಮಾರು ಐದರಲ್ಲಿ ಎರಡು ಪಾಲು ಬಂತು. ನಾನು ಬಿಟ್ಟ ಕೆಲಸದ ಸಂಬಳವನ್ನೇ ಅಳತೆಯಾಗಿ ಹಿಡಿದರೆ ಅದಕ್ಕಿಂತ ಹೆಚ್ಚಾಯಿತು. ಯಾವುದು ಸರಿಯೆಂದು ವಾರಗಟ್ಟಲೆ ಚರ್ಚಿಸಿ, ಕೊನೆಗೆ ಎರಡನ್ನೂ ಕೈಬಿಟ್ಟೆವು, ಏಕೆಂದರೆ ಬೆಲೆ ಕಟ್ಟಿದೊಡನೆ ನಾನು ಸಂಬಳದಾಳಿನ ಹಾಗೆ ಸಮಯ ಎಣಿಸತೊಡಗಿದ್ದೆ. ರಾಷ್ಟ್ರೀಯ ಉತ್ಪನ್ನದ ಲೆಕ್ಕದಲ್ಲಿ ಮನೆಯವರಿಗಾಗಿ ಮಾಡುವ ಈ ಸೇವೆ ಸೇರುವುದಿಲ್ಲ, ಕಾರ್ಮಿಕ ಅಂಕಿಅಂಶ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ಅದನ್ನು ಕೆಲಸವೆಂದು ಒಪ್ಪಿಕೊಂಡಿತಾದರೂ ಉದ್ಯೋಗವೆಂದು ಕರೆಯಲಿಲ್ಲ. ಬೆಲೆ ಕಟ್ಟದೆ ಬಿಟ್ಟದ್ದರಿಂದ ನಮಗೇನೂ ನಷ್ಟವಾಗಿಲ್ಲ.

ಕೆಲಸದ ಹಂಚಿಕೆಯಲ್ಲಿ ನಮಗೆ ದಾರಿ ಸಿಕ್ಕದ್ದು, ಕೆಲಸಗಳನ್ನು ಬಿಡಿಬಿಡಿಯಾಗಿ ಅಲ್ಲದೆ ಇಡಿಯಾಗಿ ವಹಿಸಿಕೊಂಡಾಗ. 2019ರಲ್ಲಿ ಸಮಾಜಶಾಸ್ತ್ರದ ಒಂದು ಅಧ್ಯಯನ ಮನೆಯ ಮಾನಸಿಕ ದುಡಿಮೆಯನ್ನು ನಾಲ್ಕಾಗಿ ಬಿಡಿಸಿತು: ಅಗತ್ಯವನ್ನು ಮುಂಗಾಣುವುದು, ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆದದ್ದನ್ನು ಪರಿಶೀಲಿಸುವುದು. ನಾನು ಮಾಡುತ್ತಿದ್ದದ್ದು ಈ ನಾಲ್ಕರ ಹೊರಗಿನ ಕೈಕೆಲಸ. ನೆನಪಿಡುವ ಹೊರೆ ಕಚೇರಿಯಲ್ಲಿದ್ದ ಆಕೆಯ ಮೇಲೆಯೇ ಇತ್ತು. ಶಾಲೆ, ವೈದ್ಯರು, ದುರಸ್ತಿಯವರು, ಎಲ್ಲರೂ ಮೊದಲು ತಾಯಿಗೇ ಫೋನು ಮಾಡುತ್ತಿದ್ದರು. ಅವರ ದಾಖಲೆಗಳಲ್ಲಿ ನನ್ನ ಸಂಖ್ಯೆಯನ್ನು ಮೊದಲಿಗೆ ತರಲು ಒಂದು ವರ್ಷವೇ ಹಿಡಿಯಿತು, ಅದಕ್ಕೆ ಬಳಸಿದ ಉಪಾಯವನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ. ವಿನಂತಿಪತ್ರ ಬರೆಯುವುದಂತೂ ಅಲ್ಲ, ಅದರಿಂದ ಏನೂ ಆಗಲಿಲ್ಲ.

ಹೊರಗಿನವರಿಗೆ ಏನು ಹೇಳಬೇಕೆಂಬುದು ಹಣದಷ್ಟೇ ಜಿಗುಟಾದ ಪ್ರಶ್ನೆ. ಅಮೆರಿಕದ ಜನಗಣತಿ ಇಲಾಖೆಯ ಸಂಶೋಧಕರು 2018ರಲ್ಲಿ, ಪತ್ನಿಯೇ ಹೆಚ್ಚು ದುಡಿಯುವ ದಂಪತಿಗಳು ಸಮೀಕ್ಷೆಯಲ್ಲಿ ಹೇಳಿದ್ದನ್ನು ಅವರ ತೆರಿಗೆ ದಾಖಲೆಗಳೊಡನೆ ಹೋಲಿಸಿದಾಗ, ಪತ್ನಿಯ ಸಂಪಾದನೆಯನ್ನು ಸರಾಸರಿ 1.5 ಶೇಕಡಾಂಶ ಇಳಿಸಿ, ಪತಿಯದನ್ನು 2.9 ಶೇಕಡಾಂಶ ಏರಿಸಿ ಹೇಳಿದ್ದು ಕಂಡುಬಂತು. ನಾವೂ ಕೆಲಕಾಲ 'ಮನೆಯಿಂದಲೇ ಏನೋ ಸಲಹೆಗಾರಿಕೆ' ಎಂದು ಹೇಳಿಕೊಂಡು ನೋಡಿದೆವು. ಮುಂದಿನ ಭೇಟಿಯಲ್ಲಿ ಆ ಸಲಹೆಗಾರಿಕೆ ಹೇಗೆ ನಡೆದಿದೆಯೆಂದು ಜನ ವಿಚಾರಿಸುತ್ತಿದ್ದರಿಂದ, ಒಂದು ಸುಳ್ಳಿಗೆ ಇನ್ನೊಂದನ್ನು ಜೋಡಿಸುವ ಶ್ರಮವೇ ದಂಡವೆನಿಸಿತು. ಈಗ ಇಬ್ಬರೂ ಹೇಳುವುದು ಒಂದೇ ವಾಕ್ಯ: ಸಂಪಾದನೆ ಅವಳದು, ಮನೆ ನನ್ನದು. 'ಉದ್ಯೋಗಂ ಪುರುಷ ಲಕ್ಷಣಂ' ಎಂದು ಚುಚ್ಚುವವರು ಇನ್ನೂ ಇದ್ದಾರೆ, ಅವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ಈ ಲೆಕ್ಕದಲ್ಲಿ ಇನ್ನೂ ಕೂಡಿಬರದ ಒಂದು ಭಾಗವಿದೆ. ಒಂಟಿ ಸಂಪಾದನೆಯ ಮನೆಗೆ ಆರು ತಿಂಗಳ ಆಪದ್ಧನ ಏನೇನೂ ಸಾಲದು. ಆಕೆಗೂ ಬೇಸರವಾಗಿ ಕೆಲಸ ಬಿಡಬೇಕೆನಿಸಿದರೆ ಬಿಡುವ ಸ್ವಾತಂತ್ರ್ಯ ಇರಬೇಕೆಂದು ಎರಡು ವರ್ಷಗಳ ಖರ್ಚನ್ನು ಗುರಿಯಾಗಿಟ್ಟುಕೊಂಡಿದ್ದೇವೆ, ಸದ್ಯಕ್ಕೆ ಹದಿನಾಲ್ಕು ತಿಂಗಳಿನಷ್ಟು ಕೂಡಿರಬಹುದು. ನಾನು ಬಿಡುವಿನಲ್ಲಿ ಮಾಡುವ ಸಣ್ಣಪುಟ್ಟ ಕೆಲಸದ ಹಣವೂ ಈಗ ಜಂಟಿ ಖಾತೆಗೆ ಬಂದು ಅದೇ ಪ್ರಮಾಣದಲ್ಲಿ ಹಂಚಿಹೋಗುತ್ತಿದೆ.